ಸಿಹಿ ವೈನಿಗೆ ಉಪ್ಪಿನ ಜೊತೆ: ಸೊಟೆರ್ನ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ಸೊಟೆರ್ನ್ ಎಂಬ ಸಿಹಿ ವೈನಿನ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ. ಚಿಕ್ಕ ಗ್ಲಾಸಿನಲ್ಲಿ ಕೊಡುವ, ಜೇನಿನ ಬಣ್ಣದ ವೈನ್ ಅದು, ಎಲ್ಲರೂ ಅದನ್ನು ಸಿಹಿತಿಂಡಿ ಜೊತೆ ಕುಡಿಯುತ್ತಾರೆ, ಆದರೆ ಉಪ್ಪಿನ ತಿನಿಸಿನ ಜೊತೆ ಕುಡಿದರೇ ಅದರ ನಿಜವಾದ ರುಚಿ ಗೊತ್ತಾಗುವುದು ಎಂದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರ: ಈ ವೈನನ್ನು ಬೂಷ್ಟು ಹಿಡಿದ ದ್ರಾಕ್ಷಿಯಿಂದ ಮಾಡ್ತಾರೆ ಅಂತ ಯಾರೋ ಹೇಳಿದರು. ನಿಜವಾ? ಕುಡಿದರೆ ಏನೂ ಆಗಲ್ವಾ?

ಉ: ನಿಜ. ಏನೂ ಆಗುವುದಿಲ್ಲ. ಆ ಬೂಷ್ಟು ಇಲ್ಲದಿದ್ದರೆ ಸೊಟೆರ್ನ್ ಅನ್ನುವ ವೈನೇ ಇರುತ್ತಿರಲಿಲ್ಲ.

ಸೊಟೆರ್ನ್ ಅನ್ನುವುದು ಊರಿನ ಹೆಸರೂ ಹೌದು. ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಬೊರ್ದೋ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಎರಡು ನದಿಗಳಿವೆ. ಸಿರೋನ್ ಚಿಕ್ಕದು, ಮರಗಳ ನೆರಳಿನಲ್ಲೇ ಹರಿದು ಬರುವುದರಿಂದ ಅದರ ನೀರು ತಣ್ಣಗಿರುತ್ತದೆ. ಅದು ಹೋಗಿ ಸೇರುವ ಗರೋನ್ ದೊಡ್ಡ ನದಿ, ಅದರ ನೀರು ಸಿರೋನ್‌ಗಿಂತ ಬೆಚ್ಚಗೆ. ಬೇಸಿಗೆ ಮುಗಿದು ರಾತ್ರಿಗಳು ತಂಪಾಗತೊಡಗಿದಾಗ ಈ ಎರಡು ನೀರು ಕೂಡುವ ಕಡೆ ಮಂಜು ಎದ್ದು ತೋಟಗಳ ಮೇಲೆಲ್ಲ ಹಬ್ಬಿಕೊಳ್ಳುತ್ತದೆ, ಬೆಳಗ್ಗೆ ಹೊತ್ತೇರುವ ತನಕ ಕದಲುವುದಿಲ್ಲ, ಆಮೇಲೆ ಬಿಸಿಲು ಬಂದು ಎಲ್ಲವನ್ನೂ ಒಣಗಿಸುತ್ತದೆ. ಮಂಜಿನ ಹೊತ್ತಿನಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಮೇಲೆ ಬೆಳೆಯುತ್ತದೆ. ಬಿಸಿಲು ಬಂದಾಗ ಅದಕ್ಕೆ ಕಡಿವಾಣ ಬೀಳುತ್ತದೆ. ಬೂಷ್ಟು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡುತ್ತದೆ, ಅದರಿಂದ ನೀರು ಆವಿಯಾಗುತ್ತದೆ, ಹಣ್ಣು ಮುದುಡುತ್ತದೆ, ಒಳಗೆ ಸಕ್ಕರೆ ಮತ್ತು ಹುಳಿ ಗಟ್ಟಿಯಾಗುತ್ತಾ ಹೋಗುತ್ತವೆ. ಬರೀ ಒಣಗಿಸುವುದೊಂದೇ ಅಲ್ಲ. ಬೂಷ್ಟು ತಾನೂ ಹಣ್ಣಿನ ರಸವನ್ನು ಬದಲಾಯಿಸುತ್ತದೆ, ವೈನಿಗೆ ಎಣ್ಣೆಯಂಥ ನುಣುಪು ಕೊಡುವ ಗ್ಲಿಸರಾಲ್ ಜಾಸ್ತಿಯಾಗುತ್ತದೆ, ಬೇರೆ ದ್ರಾಕ್ಷಿಯಲ್ಲಿ ಸಿಗದ ಪರಿಮಳಗಳು ಹುಟ್ಟುತ್ತವೆ.

ಫ್ರೆಂಚರು ಇದಕ್ಕೆ ಪೂರಿತ್ಯೂರ್ ನೋಬ್ಲ್ ಅನ್ನುತ್ತಾರೆ, ಒಳ್ಳೆ ಮನೆತನದ ಕೊಳೆತ ಅಂತ ಅರ್ಥ. ಆದರೆ ಅದೇ ಬೂಷ್ಟು, ಬಿಸಿಲೇ ಬಾರದೆ ಮಳೆ ಹಿಡಿದುಕೊಂಡರೆ, ಇಡೀ ಬೆಳೆಯನ್ನು ಹಾಳು ಮಾಡುತ್ತದೆ. ಸ್ಟ್ರಾಬೆರಿ ಮೇಲೆ ಬೂದು ಬಣ್ಣದಲ್ಲಿ ಬರುತ್ತದಲ್ಲ, ಅದೂ ಇದೇ ಜಾತಿ. ಹಾಗಾಗಿ ಮನೆಯ ಫ್ರಿಜ್ಜಿನಲ್ಲಿ ಬೂಷ್ಟು ಬಂದ ದ್ರಾಕ್ಷಿಯನ್ನು ದಯವಿಟ್ಟು ತಿನ್ನಬೇಡಿ, ಅದು ಬೇರೆಯೇ ಕಥೆ.

ಪ್ರ: ರುಚಿ ಹೇಗಿರುತ್ತದೆ? ಸಕ್ಕರೆ ಪಾಕ ಕುಡಿದ ಹಾಗಾ?

ಉ: ಅಲ್ಲ. ಲೆಕ್ಕಕ್ಕೆ ನೋಡಿದರೆ ಸಕ್ಕರೆ ತುಂಬಾ ಇದೆ, ಒಂದು ಲೀಟರಿಗೆ ಸಾಮಾನ್ಯವಾಗಿ 120ರಿಂದ 150 ಗ್ರಾಂ. ಕೋಲಾಗಿಂತ ಜಾಸ್ತಿ. ಆದರೂ ಕುಡಿದಾಗ ಬಾಯಿ ಅಂಟಂಟಾಗುವುದಿಲ್ಲ, ಯಾಕೆಂದರೆ ಜೊತೆಗೆ ಹುಳಿ ಇದೆ. ಒಳ್ಳೆಯ ಸೊಟೆರ್ನ್‌ನಲ್ಲಿ ಮೊದಲು ಸಿಹಿ ಬಂದು ನಾಲಿಗೆ ತುಂಬಾ ಹರಡಿಕೊಳ್ಳುತ್ತದೆ, ಇನ್ನೇನು ಜಾಸ್ತಿ ಆಯಿತು ಅನ್ನುವಷ್ಟರಲ್ಲಿ ಹುಳಿ ಬಂದು ಎಲ್ಲವನ್ನೂ ತೊಳೆದುಬಿಡುತ್ತದೆ, ಕೊನೆಗೆ ಕಿತ್ತಳೆ ಸಿಪ್ಪೆಯಂಥ ಒಂದು ಸಣ್ಣ ಕಹಿ ಉಳಿಯುತ್ತದೆ. ಆ ಕಹಿ ನನಗೆ ತುಂಬಾ ಇಷ್ಟ. ಅದು ಇಲ್ಲದ ಸಿಹಿ ವೈನುಗಳು ಎರಡು ಗುಟುಕಿಗೇ ಸಾಕಾಗುತ್ತವೆ.

ವಾಸನೆಯ ವಿಷಯಕ್ಕೆ ಬಂದರೆ, ಎಳೆಯ ವೈನಿನಲ್ಲಿ ಏಪ್ರಿಕಾಟ್, ಪೀಚ್, ಅನಾನಸ್, ನಿಂಬೆ ಹೂವು. ಬೂಷ್ಟಿನ ಕೊಡುಗೆ ಅಂದರೆ ಜೇನು, ಶುಂಠಿ, ಕೇಸರಿ, ಮಾರ್ಮಲೇಡ್. ಹತ್ತು ಹದಿನೈದು ವರ್ಷ ಬಾಟಲಿಯಲ್ಲಿ ಕಳೆದ ಮೇಲೆ ಹಣ್ಣು ಹಿಂದೆ ಸರಿದು ಸುಟ್ಟ ಸಕ್ಕರೆ, ಹುರಿದ ಬಾದಾಮಿ, ಒಣ ಅಂಜೂರ ಮುಂದೆ ಬರುತ್ತವೆ. ಹಳೆಯ ಸೊಟೆರ್ನ್‌ನಲ್ಲಿ ಮೆಂತ್ಯದ ವಾಸನೆ ಬಂತು ಅಂತ ಒಬ್ಬರು ಸಂಕೋಚದಿಂದ ಬರೆದಿದ್ದಾರೆ. ಸಂಕೋಚ ಬೇಡ, ನಿಮ್ಮ ಮೂಗು ಸರಿಯಾಗಿಯೇ ಇದೆ. ಸೊಟೊಲೋನ್ ಎಂಬ ವಸ್ತು ಬೂಷ್ಟು ದ್ರಾಕ್ಷಿಯ ವೈನಿನಲ್ಲಿಯೂ ಇದೆ, ಮೆಂತ್ಯದಲ್ಲಿಯೂ ಇದೆ. ಮೆಂತ್ಯಕ್ಕೆ ಆ ವಾಸನೆ ಕೊಡುವುದೇ ಅದು.

ಇದರಲ್ಲಿ ಸಾಮಾನ್ಯವಾಗಿ ಮೂರು ದ್ರಾಕ್ಷಿ ಬಳಸುತ್ತಾರೆ. ಮುಖ್ಯವಾದದ್ದು ಸೆಮಿಯೋಂ. ಅದರ ಸಿಪ್ಪೆ ತೆಳು, ಬೂಷ್ಟಿಗೆ ಬೇಗ ಸಿಗುತ್ತದೆ, ವೈನಿಗೆ ಮೈ ಕೊಡುವುದು ಅದೇ. ಸೊವಿನ್ಯೋಂ ಬ್ಲಾಂ ಹುಳಿ ಮತ್ತು ತಾಜಾತನಕ್ಕೆ. ಮಸ್ಕಡೆಲ್ ಸ್ವಲ್ಪವೇ ಸ್ವಲ್ಪ, ಹೂವಿನ ಪರಿಮಳಕ್ಕೆ.

ಪ್ರ: ಮೇಡಂ, ನಿಮ್ಮ ಮಾತು ಕೇಳುವ ಮೊದಲೇ ಒಂದು ಬಾಟಲಿ ತಂದು ಚಾಕೊಲೇಟ್ ಕೇಕ್ ಜೊತೆ ಕುಡಿದೆವು. ಹುಳಿಹುಳಿಯಾಗಿ, ನೀರುನೀರಾಗಿತ್ತು. ವೈನ್ ಕೆಟ್ಟಿತ್ತಾ?

ಉ: ವೈನ್ ಕೆಟ್ಟಿರಲಿಲ್ಲ. ಜೋಡಿ ತಪ್ಪಾಗಿತ್ತು, ಅಷ್ಟೇ. ನಾನು ಮೊದಲ ಸಲ ಸೊಟೆರ್ನ್ ಕುಡಿದದ್ದೂ ಹೀಗೆಯೇ, ಒಂದು ಮದುವೆಯ ಊಟದಲ್ಲಿ, ಕಪ್ಪು ಚಾಕೊಲೇಟಿನ ದಪ್ಪ ಕೇಕಿನ ಜೊತೆ. ಇದಕ್ಕೆ ಯಾಕೆ ಇಷ್ಟು ಹೊಗಳಿಕೆ ಅಂತ ಬೇಜಾರಾಗಿತ್ತು. ಎಷ್ಟೋ ವರ್ಷ ಮತ್ತೆ ಅದರ ಹತ್ತಿರ ಹೋಗಲಿಲ್ಲ, ಅದನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಆಗುವುದು ಇಷ್ಟು. ವೈನಿಗಿಂತ ಸಿಹಿಯಾದದ್ದನ್ನು ಮೊದಲು ತಿಂದರೆ ನಾಲಿಗೆ ಆ ಸಿಹಿಗೆ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ವೈನಿನ ಸಿಹಿ ಗೊತ್ತೇ ಆಗುವುದಿಲ್ಲ, ಉಳಿಯುವುದು ಬರೀ ಹುಳಿ ಮತ್ತು ಆಲ್ಕೋಹಾಲಿನ ಬಿಸಿ. ಚಾಕೊಲೇಟಿನಲ್ಲಿ ಇನ್ನೂ ಒಂದು ತೊಂದರೆ ಇದೆ, ಅದರ ಕಹಿ ಮತ್ತು ಒಗರು ಏಪ್ರಿಕಾಟಿನಂಥ ನಾಜೂಕು ಪರಿಮಳವನ್ನು ಮುಚ್ಚಿಹಾಕುತ್ತದೆ. ಚಾಕೊಲೇಟಿಗೇ ವೈನ್ ಬೇಕು ಅಂದರೆ ಫ್ರಾನ್ಸಿನ ದಕ್ಷಿಣದ ತುದಿಯಲ್ಲಿ, ಸ್ಪೇನಿನ ಗಡಿ ಹತ್ತಿರ ಮಾಡುವ ಬನ್ಯೂಲ್ಸ್ ಎಂಬ ಕೆಂಪು ಸಿಹಿ ವೈನ್ ನೋಡಿ. ಅದಕ್ಕೆ ಚಾಕೊಲೇಟನ್ನು ಎದುರಿಸುವ ಗಟ್ಟಿತನ ಇದೆ.

ಸಿಹಿತಿಂಡಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಿಹಿ ಕಡಿಮೆ, ಹುಳಿ ಅಥವಾ ಬೆಣ್ಣೆ ಜಾಸ್ತಿ ಇರುವುದನ್ನು ಆರಿಸಿ. ಏಪ್ರಿಕಾಟ್ ತಾರ್ತ್, ಅಂದರೆ ಹಿಟ್ಟಿನ ತಳದ ಮೇಲೆ ಹಣ್ಣಿಟ್ಟು ಬೇಕ್ ಮಾಡಿದ್ದು, ತುಂಬಾ ಚೆನ್ನಾಗಿ ಹೊಂದುತ್ತದೆ. ಸೇಬನ್ನು ಬೆಣ್ಣೆ ಸಕ್ಕರೆಯಲ್ಲಿ ಕಂದು ಬಣ್ಣ ಬರುವ ತನಕ ಬೇಯಿಸಿ ತಲೆಕೆಳಗಾಗಿ ಬೇಕ್ ಮಾಡುವ ತಾರ್ತ್ ತಾತಾಂ ಕೂಡ. ಕ್ರೆಮ್ ಬ್ರೂಲೆ, ಅಂದರೆ ಮೇಲೆ ಸಕ್ಕರೆ ಸುಟ್ಟ ಕಸ್ಟರ್ಡ್, ಹಳೆಯ ವೈನಿಗೆ ಒಳ್ಳೆಯದು, ಎರಡರಲ್ಲೂ ಸುಟ್ಟ ಸಕ್ಕರೆಯ ರುಚಿ ಇದೆಯಲ್ಲ. ಬೊರ್ದೋದವರದೇ ಒಂದು ಸಣ್ಣ ಕೇಕ್ ಇದೆ, ಕ್ಯಾನೆಲೆ ಅಂತ. ಹೊರಗೆ ಕಪ್ಪಗೆ ಗರಿಗರಿ, ಒಳಗೆ ಮೆತ್ತಗೆ, ವೆನಿಲಾ ಮತ್ತು ರಮ್ಮಿನ ಘಮ, ಮೊಟ್ಟೆಯ ಹಳದಿ ಹಾಕಿ ಮಾಡುತ್ತಾರೆ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ ಬಳಸುವ ಪದ್ಧತಿ ಅಲ್ಲಿ ಇದೆ, ಉಳಿದ ಹಳದಿ ಹೀಗೆ ಕೇಕಿಗೆ ಹೋಯಿತು ಅಂತ ಅಲ್ಲಿಯವರು ಹೇಳುವ ಕಥೆ.

ಪ್ರ: ಹಾಗಾದರೆ ಉಪ್ಪಿನದು ಅಂದರೆ ಏನು? ಸರಿಯಾಗಿ ಬಿಡಿಸಿ ಹೇಳಿ.

ಉ: ಒಂದೇ ಒಂದು ಜೋಡಿ ನೆನಪಿಟ್ಟುಕೊಳ್ಳುವುದಾದರೆ ರೋಕ್‌ಫೋರ್ ಚೀಸ್. ಕುರಿಯ ಹಾಲಿನದು, ಮಧ್ಯೆ ನೀಲಿ-ಹಸಿರು ಬೂಷ್ಟಿನ ಗೆರೆಗಳು, ದಕ್ಷಿಣ ಫ್ರಾನ್ಸಿನ ರೋಕ್‌ಫೋರ್-ಸುರ್-ಸೂಲ್ಜೋಂ ಎಂಬ ಊರಿನ ಗುಹೆಗಳಲ್ಲಿ ಮಾಗಿಸುತ್ತಾರೆ. ಬರೀ ಚೀಸ್ ತಿಂದರೆ ಉಪ್ಪು ಮತ್ತು ಘಾಟು ತಲೆಗೆ ಹತ್ತುತ್ತದೆ. ಬರೀ ವೈನ್ ಕುಡಿದರೆ ಸಿಹಿ ಮುಂದೆ ನಿಲ್ಲುತ್ತದೆ. ಒಂದು ಚಿಕ್ಕ ತುಂಡು ಬಾಯಲ್ಲಿ ಕರಗುತ್ತಿರುವಾಗಲೇ ಒಂದು ಗುಟುಕು ಕುಡಿಯಿರಿ. ಉಪ್ಪು ವೈನಿನೊಳಗಿನ ಹಣ್ಣನ್ನು ಎತ್ತಿ ಹಿಡಿಯುತ್ತದೆ, ಸಿಹಿ ಚೀಸಿನ ಘಾಟನ್ನು ಸಮಾಧಾನ ಮಾಡುತ್ತದೆ, ಹುಳಿ ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ. ಬೂಷ್ಟಿನಿಂದ ಹುಟ್ಟಿದ ಎರಡು ವಸ್ತುಗಳು ಹೀಗೆ ಒಂದನ್ನೊಂದು ಮೆದು ಮಾಡುವುದು ನನಗೆ ಇವತ್ತಿಗೂ ಆಶ್ಚರ್ಯವೇ. ನಾನು ಬೇಜಾರು ಬಿಟ್ಟು ಮತ್ತೆ ಈ ವೈನಿನ ಕಡೆ ತಿರುಗಿದ್ದು ಈ ಒಂದು ತುತ್ತಿನಿಂದ.

ಫ್ರಾನ್ಸಿನಲ್ಲಿ ಹಬ್ಬದ ಊಟಕ್ಕೆ ಎಲ್ಲರೂ ಹೇಳುವ ಜೋಡಿ ಫ್ವಾ ಗ್ರಾ, ಅಂದರೆ ಕೊಬ್ಬಿಸಿದ ಬಾತುಕೋಳಿಯ ಈಲಿ. ರುಚಿಯ ಲೆಕ್ಕದಲ್ಲಿ ಅದು ಹೊಂದುತ್ತದೆ, ಬೆಣ್ಣೆಯಂಥ ಜಿಡ್ಡು, ಅದಕ್ಕೆ ಸರಿಸಮವಾದ ಹುಳಿ-ಸಿಹಿ. ಆದರೆ ಹಕ್ಕಿಯ ಗಂಟಲಿಗೆ ಕೊಳವೆ ಇಟ್ಟು ಬಲವಂತವಾಗಿ ತಿನ್ನಿಸಿ ಮಾಡುವಂಥದ್ದು ಅದು. ನಾನು ತಿನ್ನುವುದು ಬಿಟ್ಟಿದ್ದೇನೆ, ಬೇರೆಯವರಿಗೆ ಶಿಫಾರಸು ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅದರ ಬದಲು ಹುರಿದ ಕೋಳಿ ಮಾಡಿ ನೋಡಿ. ಸೊಟೆರ್ನ್ ಕಡೆಯ ವೈನ್ ಮಾಡುವವರೇ ಇದನ್ನು ತುಂಬಾ ಹೇಳುತ್ತಾರೆ. ಚರ್ಮ ಗರಿಯಾಗಿ, ಉಪ್ಪು ಸರಿಯಾಗಿ ಹಿಡಿದಿದ್ದು, ರಸ ಒಳಗೇ ಉಳಿದಿದ್ದರೆ ಸಾಕು, ಬೇರೆ ಏನೂ ಬೇಡ. ಬೆಣ್ಣೆ ಸಾಸಿನ ಲಾಬ್ಸ್ಟರ್ ಕೂಡ ಚೆನ್ನ, ಸಿಗಡಿಯೂ ಆದೀತು. ಖಾರದ ಬಗ್ಗೆ ಮೂರು ಜನ ಕೇಳಿದ್ದೀರಿ. ಸಿಹಿ ಖಾರದ ಉರಿಯನ್ನು ತಗ್ಗಿಸುತ್ತದೆ ಅನ್ನುವುದು ಸರಿ, ಆದರೆ ಈ ವೈನಿನಲ್ಲಿ ಆಲ್ಕೋಹಾಲ್ ಶೇಕಡ 13-14 ಇರುತ್ತದೆ, ಅದು ಉರಿಯನ್ನು ಏರಿಸುತ್ತದೆ. ಹಾಗಾಗಿ ಶುಂಠಿ, ಕೇಸರಿ, ಸ್ವಲ್ಪ ಕಾಳುಮೆಣಸು ಇರುವ ಅಡುಗೆ ಸರಿ. ಕಣ್ಣಲ್ಲಿ ನೀರು ತರಿಸುವಷ್ಟು ಖಾರ ಬೇಡ.

ಪ್ರ: ನಾನು ಸಸ್ಯಾಹಾರಿ. ಚೀಸ್ ತಿಂತೀನಿ, ಮೊಟ್ಟೆ ತಿನ್ನಲ್ಲ. ನನಗೇನಾದರೂ ಉಳಿದಿದೆಯಾ?

ಉ: ಖಂಡಿತ ಉಳಿದಿದೆ. ಒಂದು ವಿಷಯ ಮೊದಲೇ ಹೇಳಬೇಕು. ರೋಕ್‌ಫೋರ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಎಷ್ಟೋ ಸಸ್ಯಾಹಾರಿಗಳಿಗೆ ಇದು ಗೊತ್ತಿರುವುದಿಲ್ಲ. ನಿಮಗೆ ಅದು ಆಗದು ಅಂದರೆ ಸಸ್ಯಾಹಾರಿ ರೆನೆಟ್ ಎಂದು ಲೇಬಲ್ಲಿನಲ್ಲಿ ಬರೆದಿರುವ ಬೇರೆ ಯಾವುದಾದರೂ ನೀಲಿ ಚೀಸ್ ಹುಡುಕಿ, ಜೋಡಿ ಹೆಚ್ಚು ಕಡಿಮೆ ಹಾಗೇ ಕೂಡುತ್ತದೆ. ಆಗಲೇ ಹೇಳಿದೆನಲ್ಲ, ಕೆಲವರು ವೈನನ್ನು ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುತ್ತಾರೆ ಅಂತ, ಅದನ್ನೂ ವಿಚಾರಿಸಿಕೊಳ್ಳಿ.

ಚೀಸೇ ಬೇಡ ಅಂದರೂ ತೊಂದರೆ ಇಲ್ಲ. ಉಪ್ಪು ಹಾಕಿ ಹುರಿದ ಬಾದಾಮಿ, ವಾಲ್‌ನಟ್. ಮಾಗಿದ ಪೇರ್ ಹಣ್ಣು. ಬೆಣ್ಣೆಯಲ್ಲಿ ನಿಧಾನವಾಗಿ ಕಂದು ಬಣ್ಣಕ್ಕೆ ಹುರಿದ ಸಿಹಿಗುಂಬಳ, ಮೇಲೆ ಚೂರು ಕಲ್ಲುಪ್ಪು. ಈ ಕೊನೆಯದನ್ನು ಒಮ್ಮೆ ಸುಮ್ನೆ ಮಾಡಿ ನೋಡಿದ್ದು, ಈಗ ನನ್ನ ಮನೆಯಲ್ಲಿ ಅದೇ ಮೊದಲು ಖಾಲಿಯಾಗುತ್ತದೆ.

ಪ್ರ: ಅರ್ಧ ಬಾಟಲಿಗೇ ಇಷ್ಟು ದುಡ್ಡು ಯಾಕೆ? ಹೆಸರಿಗೆ ಕೊಡುವುದಾ?

ಉ: ಸ್ವಲ್ಪ ಹೆಸರಿಗೆ, ಜಾಸ್ತಿ ಕೈಕೆಲಸಕ್ಕೆ ಮತ್ತು ನಷ್ಟಕ್ಕೆ. ಬೂಷ್ಟು ಇಡೀ ತೋಟಕ್ಕೆ ಒಂದೇ ದಿನ ಬರುವುದಿಲ್ಲ. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಮುದುಡಿರುತ್ತದೆ, ಪಕ್ಕದ್ದು ಇನ್ನೂ ಹಸಿರು. ಆದ್ದರಿಂದ ಕೀಳುವವರು ಅದೇ ಸಾಲಿಗೆ ಮೂರು, ನಾಲ್ಕು, ಒಮ್ಮೊಮ್ಮೆ ಆರು ಸಲ ಹೋಗಿ, ಸರಿಯಾಗಿ ಮುದುಡಿದ್ದನ್ನಷ್ಟೇ ಕತ್ತರಿಯಿಂದ ಆರಿಸಿ ತರುತ್ತಾರೆ, ಇದು ನವೆಂಬರ್ ತನಕವೂ ನಡೆಯುತ್ತದೆ. ನೀರೆಲ್ಲ ಹೋಗಿರುವುದರಿಂದ ರಸ ಸಿಗುವುದೂ ಕಡಿಮೆ. ಕಾನೂನಿನ ಪ್ರಕಾರ ಒಂದು ಹೆಕ್ಟೇರಿಗೆ 2,500 ಲೀಟರ್ ಮೀರುವಂತಿಲ್ಲ. ಎಲ್ಲಕ್ಕಿಂತ ಹೆಸರಾದ ವೈನ್ ತೋಟ ಶಾಟೋ ದಿಕೆಮ್‌ನಲ್ಲಿ (ಚಿಕ್ಕದಾಗಿ ಇಕೆಮ್) ಸಿಗುವುದು ಇದರ ಅರ್ಧಕ್ಕಿಂತಲೂ ಕಡಿಮೆ, ಒಂದು ಬಳ್ಳಿಗೆ ಒಂದು ಗ್ಲಾಸ್ ಅನ್ನುವುದು ಅವರ ಲೆಕ್ಕ. ಹವಾಮಾನ ಕೈಕೊಟ್ಟ ವರ್ಷ ಅವರು ಆ ಹೆಸರಿನಲ್ಲಿ ವೈನೇ ಹೊರತರುವುದಿಲ್ಲ. 1992ರಲ್ಲಿ ಹಾಗೆ ಮಾಡಿದರು, 2012ರಲ್ಲಿ ಮತ್ತೆ ಮಾಡಿದರು. ಒಂದು ವರ್ಷದ ದುಡಿಮೆಯನ್ನು ಹೀಗೆ ಕೈಬಿಡುವುದು ಸಣ್ಣ ಮಾತಲ್ಲ, ಅಲ್ವಾ?

ಕಡಿಮೆ ಖರ್ಚಿನಲ್ಲಿ ಆಗಬೇಕು ಅನ್ನುವವರು ಗರೋನ್ ನದಿಯ ಆಚೆ ದಡದ ಹೆಸರುಗಳನ್ನು ಕೇಳಿ: ಲೂಪಿಯಾಕ್, ಸ್ಯಾಂತ್-ಕ್ರ್ವಾ-ದ್ಯು-ಮೋಂ, ಕ್ಯಾಡಿಯಾಕ್. ಬೆರ್ಜೆರಾಕ್ ಹತ್ತಿರದ ಮೋಂಬಾಜಿಯಾಕ್ ಕೂಡ. ದ್ರಾಕ್ಷಿ ಹೆಚ್ಚು ಕಡಿಮೆ ಅವೇ, ಬೂಷ್ಟೂ ಅದೇ, ಆಳ ಸ್ವಲ್ಪ ಕಮ್ಮಿ ಇರಬಹುದು. ಚೀಸಿನ ಜೊತೆ ಕುಡಿಯಲು ಧಾರಾಳವಾಗಿ ಸಾಕು.

ಪ್ರ: ಬಾರ್ಸಾಕ್ ಅಂತ ಬರೆದಿರುವ ಬಾಟಲಿ ಸಿಕ್ಕಿತು. ಅದು ಸೊಟೆರ್ನ್ ಅಲ್ಲವಾ?

ಉ: ಸೊಟೆರ್ನ್ ಹೆಸರು ಹಾಕಿಕೊಳ್ಳಬಹುದಾದ ಊರುಗಳು ಐದು: ಸೊಟೆರ್ನ್, ಬೋಮ್, ಫಾರ್ಗ್, ಪ್ರೆನ್ಯಾಕ್, ಬಾರ್ಸಾಕ್. ಬಾರ್ಸಾಕ್‌ನವರು ಮಾತ್ರ ಬೇಕಾದರೆ ತಮ್ಮ ಊರಿನ ಹೆಸರನ್ನೇ ಹಾಕಬಹುದು. ಅಲ್ಲಿ ನೆಲದ ಅಡಿ ಸುಣ್ಣಕಲ್ಲು, ವೈನ್ ಕೊಂಚ ಹಗುರ. ಧೈರ್ಯವಾಗಿ ತಗೊಳ್ಳಿ.

ಪ್ರ: ಹತ್ತು ವರ್ಷ ಹಳೆಯ ಬಾಟಲಿ ಉಡುಗೊರೆ ಬಂದಿದೆ. ಬಣ್ಣ ಗಾಢವಾಗಿದೆ, ಕೆಳಗೆ ಹರಳು ಕೂತಿದೆ. ಎಸೆಯಬೇಕಾ?

ಉ: ಅಯ್ಯೋ, ಎಸೆಯಬೇಡಿ! ಈ ವೈನ್ ಎಳೆಯದಿದ್ದಾಗ ತಿಳಿ ಹೊಂಬಣ್ಣ, ವರ್ಷ ಕಳೆದಂತೆ ಗಾಢ ಹಳದಿ, ಆಮೇಲೆ ಕಂದು. ತಳದ ಹರಳು ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಗಟ್ಟಿಯಾದದ್ದು, ಕುಡಿದರೂ ತೊಂದರೆ ಇಲ್ಲ, ಬಗ್ಗಿಸುವಾಗ ನಿಧಾನಿಸಿದರೆ ಗ್ಲಾಸಿಗೆ ಬರುವುದೂ ಇಲ್ಲ. ಸಕ್ಕರೆ, ಹುಳಿ, ಆಲ್ಕೋಹಾಲ್ ಮೂರೂ ಕಾಯುವುದರಿಂದ ಒಳ್ಳೆಯ ಸೊಟೆರ್ನ್ ಹತ್ತಾರು ವರ್ಷ ಬಾಳುತ್ತದೆ. 1811ರ ಒಂದು ಇಕೆಮ್ ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು. ನಿಮ್ಮದು ಹತ್ತೇ ವರ್ಷದ್ದು, ಈಗ ತಾನೆ ರುಚಿ ಕೂಡಿಕೊಳ್ಳುವ ವಯಸ್ಸು.

ಪ್ರ: ಸಿಹಿ ವೈನ್ ಇಷ್ಟ ಅಂದರೆ ನನ್ನ ಸ್ನೇಹಿತರು, ನಿನಗೆ ವೈನ್ ಗೊತ್ತಿಲ್ಲ ಅಂತಾರೆ. ಏನು ಹೇಳಲಿ?

ಉ: 1855ರ ಪಟ್ಟಿ ತೋರಿಸಿ. ಆ ವರ್ಷ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆಂದು ಬೊರ್ದೋ ವೈನುಗಳಿಗೆ ದರ್ಜೆ ಕೊಟ್ಟರು. ಅದರಲ್ಲಿ ಜಾಗ ಪಡೆದ ಬಿಳಿ ವೈನುಗಳು ಸೊಟೆರ್ನ್ ಮತ್ತು ಬಾರ್ಸಾಕ್‌ನವು ಮಾತ್ರ. ಇಕೆಮ್‌ಗೆ ಎಲ್ಲರಿಗಿಂತ ಮೇಲೆ ಅದಕ್ಕೇ ಅಂತ ಒಂದು ಪ್ರತ್ಯೇಕ ದರ್ಜೆ ಕೊಟ್ಟರು. ಇನ್ನು ರುಚಿಯ ಮಾತು. ಸಿಹಿ ಇಷ್ಟಪಡುವುದು ಮಕ್ಕಳಾಟ ಅನ್ನುವವರು ಇದರ ಹುಳಿಯನ್ನು ಗಮನಿಸಿಲ್ಲ ಅಂತಲೇ ನನ್ನ ನಂಬಿಕೆ. ವಾದ ಮಾಡಬೇಡಿ, ಚೀಸಿನ ತುಂಡಿನ ಜೊತೆ ಒಂದು ಗುಟುಕು ಕೊಡಿ.

ಪ್ರ: ಎಷ್ಟು ತಣ್ಣಗಿರಬೇಕು? ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ? ಊಟದ ಮೊದಲಾ, ಕೊನೆಗಾ?

ಉ: ಎಳೆಯ ವೈನಿಗೆ 8ರಿಂದ 10 ಡಿಗ್ರಿ, ಹಳೆಯದಕ್ಕೆ 12ರ ತನಕ. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಬೆಚ್ಚಗಾದರೆ ಸಿಹಿ ಭಾರವಾಗುತ್ತದೆ. ಒಬ್ಬರಿಗೆ 60ರಿಂದ 75 ಮಿಲಿಲೀಟರ್ ಸಾಕು, ಅಂದರೆ 375 ಮಿಲಿಲೀಟರಿನ ಅರ್ಧ ಬಾಟಲಿ ಐದಾರು ಜನಕ್ಕೆ ಆಗುತ್ತದೆ. ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ನೆಮ್ಮದಿಯಾಗಿ ಇರುತ್ತದೆ.

ಊಟದ ಮೊದಲು ಕೊಡುವ ಪದ್ಧತಿ ಫ್ರಾನ್ಸಿನಲ್ಲಿ ಇದೆ. ಆದರೆ ಅದರ ಬೆನ್ನಿಗೇ ಸಿಹಿಯಿಲ್ಲದ ವೈನ್ ಬಂದರೆ ಅದು ಪಾಪ ಬರೀ ಹುಳಿಯಾಗಿ ಕಾಣುತ್ತದೆ, ಮಧ್ಯೆ ಒಂದು ಬಟ್ಟಲು ಸೂಪ್ ಅಥವಾ ಬ್ರೆಡ್ ಇರಲೇಬೇಕು. ನನ್ನ ಆಯ್ಕೆ ಕೊನೆಗೆ, ಮುಖ್ಯ ಊಟ ಮುಗಿದು ಸಿಹಿತಿಂಡಿ ಇನ್ನೂ ಬಾರದ ಹೊತ್ತಿನಲ್ಲಿ, ಚೀಸ್ ಮತ್ತು ಹುರಿದ ಬಾದಾಮಿಯ ತಟ್ಟೆ ಮೇಜಿನ ಮೇಲೆ ಬಂದಾಗ. ಎಷ್ಟೋ ಸಲ ಆಮೇಲೆ ಸಿಹಿತಿಂಡಿಯನ್ನು ಯಾರೂ ಕೇಳುವುದೇ ಇಲ್ಲ.